ಚೀಲ ತುಂಬಿತ್ತು, ದವಾಖಾನಿ ದೂರ ಇತ್ತು

ಹೋಳಿ ಹುಣ್ಣಿಮೆಯ ಹೊತ್ತಿಗೆ ಕಲಬುರಗಿ ಸೀಮೆಯ ಒಕ್ಕಲು ಮನೆಗಳು ತುಂಬಿರುತ್ತವೆ. ತೊಗರಿ ರಾಶಿ ಮುಗಿದು ಗಂಜ್ ಮಾರುಕಟ್ಟೆಯ ದಾರಿ ಹಿಡಿದಿರುತ್ತದೆ. ಬಿಳಿಜೋಳ ಕಣದಿಂದ ಚೀಲಕ್ಕೆ ಇಳಿದು ಪಡಸಾಲೆಯ ಗೋಡೆಗೆ ಒರಗಿ ಕೂತಿರುತ್ತದೆ. ಹಗೇವು ತೋಡಿ ಕಾಳು ತುಂಬುವ ಕಾಲ ಹೋಯಿತು, ಆದರೆ ವರ್ಷದ ಜೋಳ ಮನೆಯೊಳಗೆ ಇರಲೇಬೇಕೆಂಬ ಹಟ ಹೋಗಿಲ್ಲ. ಹೆಂಗಸರು ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ, ಶಾವಿಗೆ ಒಣಗಿಸುವುದೂ, ಕೆಂಪು ಖಾರ ಕುಟ್ಟಿಸಿಕೊಂಡು ಬರುವುದೂ ಆಗಲೇ. ಇದಕ್ಕೆ ಯಾರೂ ‘ಮುನ್ನೆಚ್ಚರಿಕೆ’ ಎಂಬ ದೊಡ್ಡ ಹೆಸರು ಇಟ್ಟಿರಲಿಲ್ಲ. ಅದು ಬ್ಯಾಸಗಿ ಕೆಲಸ, ಅಷ್ಟೆ.

2020ರ ಮಾರ್ಚ್‌ನಲ್ಲಿ ಆ ಬ್ಯಾಸಗಿ ಕೆಲಸಕ್ಕೆ ಬೇರೆಯೇ ಅರ್ಥ ಬಂತು.

ಹೋಳಿಯ ವಾರ ಅದು. ಬಣ್ಣದಾಟದ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು, ಅದರ ಹಿಂದೆಯೇ ಜಾತ್ರೆಯ ಗದ್ದಲ. ಊರು ಅದೇ ಗುಂಗಿನಲ್ಲಿತ್ತು. ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಸೌದಿ ಅರೇಬಿಯಾದಿಂದ ಫೆಬ್ರವರಿ 29ಕ್ಕೆ ಮರಳಿದ್ದವರು. ಹೈದರಾಬಾದ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಏನೂ ಕಂಡಿರಲಿಲ್ಲ. ಮಾರ್ಚ್ 6ರ ಸುಮಾರಿಗೆ ಜ್ವರ, ಕೆಮ್ಮು. ಮನೆಗೇ ಬಂದು ವೈದ್ಯರು ನೋಡಿದರು. 9ಕ್ಕೆ ಉಸಿರಾಟ ಕಷ್ಟವಾಗಿ ಊರಿನ ಖಾಸಗಿ ಆಸ್ಪತ್ರೆ, ಅಲ್ಲಿಂದ ಹೈದರಾಬಾದ್, ಅಲ್ಲಿಂದ ಮರಳಿ ಬರುವ ದಾರಿಯಲ್ಲಿ ಸಾವು. ಗಂಟಲು ದ್ರವದ ಮಾದರಿ ಬೆಂಗಳೂರಿಗೆ ಹೋಗಿತ್ತು. ಫಲಿತಾಂಶ ಹೊರಬಿದ್ದದ್ದು 12ರ ರಾತ್ರಿ. ಭಾರತದಲ್ಲಿ ಕೊರೊನಾಕ್ಕೆ ಮೊದಲ ಬಲಿ. ವಿಶ್ವ ಆರೋಗ್ಯ ಸಂಸ್ಥೆ ಈ ರೋಗವನ್ನು ಜಾಗತಿಕ ಪಿಡುಗು ಎಂದು ಘೋಷಿಸಿ ಒಂದೇ ದಿನ ಕಳೆದಿತ್ತು.

ಆ ಕೊನೆಯ ಪ್ರಯಾಣವನ್ನು ಎಷ್ಟೋ ಜನ ಆಮೇಲೆ ಬೈದರು. ವೈದ್ಯರ ಮಾತು ಕೇಳದೆ ಊರಿಂದೂರಿಗೆ ಒಯ್ದರು, ರೋಗ ಹಂಚಿದರು ಎಂದರು. ಬೈದವರು ಈ ಕಡೆಯವರಾಗಿರಲಿಕ್ಕಿಲ್ಲ. ಕಲಬುರಗಿಯವರಿಗೆ ಆ ದಾರಿ ಅಂಗೈಯ ಗೆರೆಯಷ್ಟು ಗೊತ್ತು. ಎದೆನೋವು ಬಂದರೆ ಸೊಲ್ಲಾಪುರ, ಅದಕ್ಕಿಂತ ದೊಡ್ಡದಾದರೆ ಹೈದರಾಬಾದ್. ಸೊಲ್ಲಾಪುರ ಸುಮಾರು 110 ಕಿಲೋಮೀಟರ್, ಹೈದರಾಬಾದ್ 220ರ ಆಸುಪಾಸು. ಸ್ವಂತ ರಾಜಧಾನಿ 600 ಕಿಲೋಮೀಟರ್ ಆಚೆ. 1948ರ ಸೆಪ್ಟೆಂಬರ್‌ವರೆಗೂ ನಿಜಾಮನ ಆಳ್ವಿಕೆಯಲ್ಲಿದ್ದ ನೆಲ ಇದು. ಗಡಿ ಬದಲಾಯಿತು, ಪೇಶಂಟನ್ನು ಗಾಡಿಗೆ ಹಾಕಿಕೊಂಡು ಹೋಗುವ ದಿಕ್ಕು ಬದಲಾಗಲಿಲ್ಲ. ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಸರ್ಕಾರದ ಜಿಮ್ಸ್ ಆಸ್ಪತ್ರೆ ಇದೆ, ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆಯ ಭಾರೀ ಕಟ್ಟಡವಿದೆ. ಆದರೂ ‘ದೊಡ್ಡ ದವಾಖಾನಿ’ ಎಂದಾಗ ಜನ ಗಡಿಯಾಚೆ ನೋಡುತ್ತಾರೆ. ಆ ಕುಟುಂಬ ಮಾಡಿದ್ದು, ಅಪ್ಪನನ್ನು ಉಳಿಸಿಕೊಳ್ಳಲು ಇಲ್ಲಿ ಯಾರಾದರೂ ಮಾಡುತ್ತಿದ್ದುದನ್ನೇ.

ಸುದ್ದಿ ಹೊರಬಿದ್ದ ಮರುದಿನದಿಂದ ಕಲಬುರಗಿಗೆ ಹೊಸ ವಿಳಾಸ ಬಂತು. ‘ಎಲ್ಲಿಯವರು?’ ಎಂದು ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ಉತ್ತರ ಹೇಳುವ ಮುನ್ನ ಯೋಚಿಸಬೇಕಾದ ದಿನಗಳು. ಮೃತರ ಮಗಳಿಗೆ ಸೋಂಕು ದೃಢಪಟ್ಟಿತು. ಮಾರ್ಚ್ 17ಕ್ಕೆ, ಮೃತರಿಗೆ ಮನೆಯಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರಿಗೂ ದೃಢಪಟ್ಟಿತು. ಈ ಎರಡನೇ ಸುದ್ದಿಯ ಪೆಟ್ಟು ಜೋರು. ಐವತ್ತೋ ನೂರೋ ತೆಗೆದುಕೊಂಡು ಸೂಜಿ ಮಾಡಿ, ಮೂರು ದಿನದ ಗುಳಿಗೆ ಕಟ್ಟಿ ಕಳಿಸುವ ಓಣಿಯ ಡಾಕ್ಟರ್ ಈ ಊರುಗಳಲ್ಲಿ ಮನೆಯವರಿದ್ದಂತೆ. ಅವರಿಗೇ ರೋಗ ಬರುತ್ತದೆ ಎಂದ ಮೇಲೆ ಸಣ್ಣ ಕ್ಲಿನಿಕ್ಕುಗಳು ಒಂದೊಂದಾಗಿ ಬಾಗಿಲೆಳೆದವು. ನೆಗಡಿ ಬಂದವನಿಗೆ ರೋಗದ ಭಯಕ್ಕಿಂತ, ನೆಗಡಿ ಬಂದಿದೆ ಎಂದು ಯಾರಿಗೆ ಹೇಳಲಿ ಎಂಬ ಭಯ ದೊಡ್ಡದಾಯಿತು. ಜನ ಕೆಮ್ಮನ್ನು ನುಂಗಲು ಕಲಿತರು.

ಹಾಗಾದರೆ ಸಾಮಾನ್ಯರ ತಯಾರಿ ಏನಿತ್ತು? ಮೊದಲಿಗೆ ಟವೆಲ್. ಇದು ಬಿಸಿಲ ನಾಡು. ಗಂಡಸರ ಹೆಗಲ ಟವೆಲ್, ಹುಡುಗಿಯರ ಓಢಣಿ, ಮುದುಕಿಯರ ಸೆರಗು ಮಾರ್ಚ್‌ನಿಂದ ಜೂನ್‌ವರೆಗೆ ಹೇಗೂ ಮುಖದ ಮೇಲೇ ಇರುತ್ತವೆ. ಮಾಸ್ಕ್ ಹಾಕಿಕೊಳ್ಳಿ ಎಂದು ಸರ್ಕಾರ ಹೇಳಿದಾಗ ಉಳಿದ ಕಡೆ ಮುಜುಗರಪಟ್ಟರೆ, ಇಲ್ಲಿಯವರು ಇದ್ದ ಬಟ್ಟೆಯನ್ನೇ ಇನ್ನೊಂದು ಸುತ್ತು ಬಿಗಿದುಕೊಂಡರು. ಅಂಗಡಿಯ ಮಾಸ್ಕಿನ ಬೆಲೆ ಏರಿದ್ದರಿಂದ ಕೇಂದ್ರ ಸರ್ಕಾರ ಮೂರು ಪದರದ್ದಕ್ಕೆ 10 ರೂಪಾಯಿ, 200 ಮಿಲಿಲೀಟರ್ ಸ್ಯಾನಿಟೈಸರ್‌ಗೆ 100 ರೂಪಾಯಿ ಎಂದು ದರ ಕಟ್ಟಿತು. ಟವೆಲ್‌ಗೆ ದರ ಕಟ್ಟುವ ಗೋಜಿರಲಿಲ್ಲ. ಆದರೆ ಅದೇ ಟವೆಲ್ಲಿನಿಂದ ಬೆವರೂ ಒರೆಸಿ, ಕೈಯೂ ಒರೆಸಿ, ಬಸ್ಸಿನ ಸೀಟೂ ಒರೆಸಿ ಮತ್ತೆ ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು ಎನ್ನುವುದನ್ನೂ ಹೇಳಬೇಕಲ್ಲ.

ಎರಡನೆಯದು ಬಿಸಿಲಿನ ಮೇಲಿನ ಭರವಸೆ. ‘ನಮ್ ಬಿಸಿಲಿಗಿ ಮನುಷ್ಯಾರೇ ನಿಲ್ಲಂಗಿಲ್ರಿ, ಅದೇನ್ ನಿಲ್ತದ’ ಎಂಬ ಮಾತು ಚಹಾದಂಗಡಿಗಳಲ್ಲಿ ತಿರುಗಿತು. ಪಾದರಸ 42, 43 ಡಿಗ್ರಿ ಮುಟ್ಟುವ ಊರಿನವರ ಈ ಆಸೆಗೆ ನಗಬಾರದು. ಆದರೆ ವೈರಸ್ ಹರಡುವುದು ಮನುಷ್ಯನ ಉಸಿರಿನಿಂದ, ಮುಚ್ಚಿದ ಕೋಣೆಯಲ್ಲಿ, ಪಕ್ಕಪಕ್ಕ ಕೂತಲ್ಲಿ. ಹೊರಗೆ ಬಿಸಿಲು ಹೆಚ್ಚಿದಷ್ಟೂ ಜನ ಒಳಗೆ, ಒಂದೇ ಫ್ಯಾನಿನ ಕೆಳಗೆ ಒತ್ತೊತ್ತಾಗಿ ಕೂರುತ್ತಾರೆ. ಬಿಸಿಲು ನಮಗಿಂತ ಅದಕ್ಕೇ ಅನುಕೂಲ ಮಾಡಿಕೊಟ್ಟಿತೋ ಏನೋ.

ಕೈ ತೊಳೆಯುವ ಮಾತು ಬೇರೆ. ಇಪ್ಪತ್ತು ಸೆಕೆಂಡು ಸಾಬೂನು ಹಚ್ಚಿ ತೊಳೆಯಬೇಕು, ಸರಿ. ನಗರಕ್ಕೆ ನೀರು ಕೊಡುವ ಭೀಮಾ ನದಿಯ ಪಾತ್ರದಲ್ಲಿ ಏಪ್ರಿಲ್ ಹೊತ್ತಿಗೆ ಕಲ್ಲು ಕಾಣುತ್ತದೆ. ಪ್ರಾಯೋಗಿಕವಾಗಿ ದಿನವಿಡೀ ನೀರು ಸಿಗುವ ಕೆಲವು ವಾರ್ಡುಗಳನ್ನು ಬಿಟ್ಟರೆ ಉಳಿದವರು ನಳ ಬರುವ ದಿನಕ್ಕೆ ಕಾಯುವವರು. ಬಿಂದಿಗೆ ಲೆಕ್ಕದಲ್ಲಿ ಬದುಕುವ ಮನೆಯ ತಾಯಿ ಆ ಇಪ್ಪತ್ತು ಸೆಕೆಂಡನ್ನು ಹೇಗೆ ಕೇಳಿಸಿಕೊಂಡಿರಬೇಕು!

ತಯಾರಿಯ ಜೊತೆ ವದಂತಿಯೂ ಇತ್ತು. ಕೋಳಿಯ ಕತೆ ಆಗಿನದೇ. ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ವಾಟ್ಸ್‌ಆ್ಯಪ್ ಸುದ್ದಿಗೆ ರಾಜ್ಯದ ತುಂಬ ಕೋಳಿ ಬೆಲೆ ನೆಲ ಕಚ್ಚಿ, ಗೋಕಾಕ ತಾಲೂಕಿನ ಸಾಕಣೆದಾರರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂತರು. ಆ ಸುದ್ದಿಗೆ ಆಧಾರವೇ ಇರಲಿಲ್ಲ.

ಮಾರ್ಚ್ 24ರ ರಾತ್ರಿ ಪ್ರಧಾನಿ ಲಾಕ್‌ಡೌನ್ ಘೋಷಿಸಿದರು. ಮರುದಿನ ಯುಗಾದಿ. ಈ ಭಾಗದ ಯುಗಾದಿಯ ಬೇವು ಬರೀ ಬೆಲ್ಲದ ಜೊತೆಗಿನ ಎಲೆಯಲ್ಲ, ಕುಡಿಯುವ ಪಾನಕ. ಹೊಸ ಮಣ್ಣಿನ ಗಡಿಗೆಯಲ್ಲಿ ಹುಣಸೆ, ಬೆಲ್ಲ, ಮಾವಿನಕಾಯಿ, ಪುಟಾಣಿ, ಬೇವಿನ ಹೂವು ಹಾಕಿ ಮಾಡಿದ್ದು. ಅದನ್ನು ಮನೆಯವರಷ್ಟೇ ಕುಡಿದರೆ ಹಬ್ಬವಲ್ಲ. ತಂಬಿಗೆ ಹಿಡಿದು ನೆರೆಮನೆಗೆ ಹೋಗಬೇಕು, ಅವರ ಬೇವು ನಮ್ಮ ಮನೆಗೆ ಬರಬೇಕು. ಆ ಯುಗಾದಿ ಗಡಿಗೆಗಳು ಅಡುಗೆಮನೆಯಲ್ಲೇ ಉಳಿದವು. ಒಯ್ದರೆ ಅವರು ಕುಡಿಯುತ್ತಾರೋ ಇಲ್ಲವೋ, ಒಯ್ಯದಿದ್ದರೆ ಏನು ತಿಳಿದುಕೊಳ್ಳುತ್ತಾರೋ ಎಂದು ಹೊಸ್ತಿಲ ಮೇಲೆ ನಿಂತ ಗೃಹಿಣಿಯರ ಆ ಎರಡು ನಿಮಿಷ ಯಾವ ಬುಲೆಟಿನ್‌ನಲ್ಲೂ ಬರಲಿಲ್ಲ.

ಮನೆಬಾಗಿಲಿನಂತೆ ಪೇಟೆಯೂ ಮುಚ್ಚಿತು. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ 40 ಕಿಲೋಮೀಟರ್ ಮುಟ್ಟುವುದರೊಳಗೆ ಕಮಲಾಪುರ. ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಯ ಊರು. ಆ ಬಾಳೆ ಗೊನೆ ಕೊಡಲು ಸುಮಾರು ಒಂದೂವರೆ ವರ್ಷ ಬೇಕು. ನೀರು, ಗೊಬ್ಬರ, ಕಾವಲು ಎಲ್ಲ ಮಾಡಿ ಕಾದವನಿಗೆ ಮಾರುವ ಅವಕಾಶ ಮಾತ್ರ ಕೆಲವೇ ದಿನ. ಜೋಳದ ಹಾಗೆ ಅದು ಚೀಲದಲ್ಲಿ ಕೂರುವುದಿಲ್ಲ. ಇದು ಬಡವರ ದಿನದ ಹಣ್ಣೂ ಅಲ್ಲ. ಪೇಟೆಯ ಕೊಳ್ಳುಗನಿಗಾಗಿ ಬೆಳೆದದ್ದು. ಪೇಟೆಯೇ ಮುಚ್ಚಿದಾಗ ಬಾಳೆಯವನ ಸ್ಥಿತಿಯನ್ನು ಲೆಕ್ಕ ಹಾಕಿ ಹೇಳಬೇಕಿಲ್ಲ.

ಈ ಕಡೆಯ ಹಳ್ಳಿಗಳ ಉಳಿದ ತಯಾರಿ ಜಾಲಿ ಮುಳ್ಳಿನದು. ಊರ ದಾರಿಗೆ ಅಡ್ಡ ಮುಳ್ಳುಕಂಟಿ ಎಳೆದು, ಎತ್ತಿನ ಗಾಡಿ ನಿಲ್ಲಿಸಿ, ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ಬರೆದರು. ಅಜ್ಜಂದಿರು ಹೇಳುತ್ತಿದ್ದ ಪ್ಲೇಗಿನ ಕಾಲಕ್ಕೆ ಇದು ನೇರ ಉಲ್ಟಾ. ಆಗ ಇಲಿ ಬಿದ್ದರೆ ಊರೇ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕುತ್ತಿತ್ತು. ರೋಗ ಒಳಗಿದೆ, ನಾವು ಹೊರಗೆ ಹೋಗೋಣ ಎಂಬುದು ಆಗಿನ ಬುದ್ಧಿ. ಈಗ ರೋಗ ಹೊರಗಿದೆ, ಬಾಗಿಲು ಹಾಕೋಣ. ತೊಡಕು ಏನೆಂದರೆ, ಆ ಹೊರಗಿನವರು ಬೇರೆ ಯಾರೂ ಅಲ್ಲ, ಊರಿನ ಮಕ್ಕಳೇ.

ತಾಂಡಾಗಳಿಂದ, ಹಳ್ಳಿಗಳಿಂದ ಪುಣೆ, ಮುಂಬೈಗೆ ಗುಳೆ ಹೋದವರು. ಕಟ್ಟಡದ ಕೆಲಸ, ಮಣ್ಣಿನ ಕೆಲಸ. ದೀಪಾವಳಿಯೋ ಜಾತ್ರೆಯೋ ಬಂದಾಗ ಹೊಸ ಬಟ್ಟೆ, ಮಕ್ಕಳಿಗೆ ಆಟಿಕೆ ಹಿಡಿದು ಬರುತ್ತಿದ್ದವರನ್ನು ಊರು ದಾರಿ ಕಾದು ಕರೆದುಕೊಳ್ಳುತ್ತಿತ್ತು. 2020ರ ಮೇ ತಿಂಗಳಲ್ಲಿ ಅವರೇ ಬಂದಾಗ ‘ಮಹಾರಾಷ್ಟ್ರದಿಂದ ಬಂದವರು’ ಎಂಬ ಜಾತಿಯೊಂದು ಹುಟ್ಟಿತು. ಸರ್ಕಾರಿ ಶಾಲೆಗಳು ಕ್ವಾರಂಟೈನ್ ಕೇಂದ್ರಗಳಾದವು. ತಾವೇ ಓದಿದ ಶಾಲೆಯ ಕೋಣೆಯಲ್ಲಿ, ಕರಿಹಲಗೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದರು. ಮನೆಯವರು ಕಂಪೌಂಡಿನ ಆಚೆ ನಿಂತು ರೊಟ್ಟಿ ಗಂಟು ಕೊಟ್ಟು, ‘ಯಪ್ಪಾ, ಆರಾಮ್ ಇದ್ದೀಯೇನು?’ ಎಂದು ದೂರದಿಂದಲೇ ಕೂಗಿ ಕೇಳಿ ಹೋಗುತ್ತಿದ್ದರು. ಆ ತಿಂಗಳು ಜಿಲ್ಲೆಯ ಸೋಂಕಿನ ಸಂಖ್ಯೆ ಏರಿದ್ದು ಹೀಗೆ ಮರಳಿದವರಿಂದಲೇ ಎಂಬುದು ನಿಜ. ಅವರು ಸೋಂಕು ತಂದದ್ದು ಹತ್ತು ಜನ ಒಂದೇ ಖೋಲಿಯಲ್ಲಿ ಮಲಗುವ ಕೆಲಸದ ಊರಿನಿಂದ ಎಂಬುದೂ ನಿಜ.

ತಯಾರಿಯ ಲೆಕ್ಕ ವಿಚಿತ್ರವಾಗಿತ್ತು. ಹೊಲ ಇದ್ದ ಹಳ್ಳಿಯವನ ಮನೆಯಲ್ಲಿ ವರ್ಷದ ಜೋಳವಿತ್ತು, ದವಾಖಾನೆ ದೂರವಿತ್ತು. ಕಲಬುರಗಿಯ ಹಮಾಲಿ, ಆಟೋದವನು, ಕ್ಷೌರದಂಗಡಿಯವನಿಗೆ ದವಾಖಾನೆ ಹತ್ತಿರವಿತ್ತು, ಡಬ್ಬಿಯಲ್ಲಿ ನಾಳೆಯ ಹಿಟ್ಟಿರಲಿಲ್ಲ. ಗುಳೆ ಹೋದವನಿಗೆ ಎರಡೂ ಇರಲಿಲ್ಲ. ಸರ್ಕಾರ ಪಡಿತರದಲ್ಲಿ ತಲೆಗೆ 5 ಕಿಲೋ ಧಾನ್ಯ, ಮನೆಗೆ ಒಂದು ಕಿಲೋ ಬೇಳೆ ಕೊಡುತ್ತೇನೆಂದಿತು. ದೇಶಕ್ಕೆ ಬೇಳೆ ಉಣಿಸುವ ತೊಗರಿ ಕಣಜದ ಊರಿನಲ್ಲಿ ಒಂದು ಕಿಲೋ ಬೇಳೆಗೆ ಸಾಲು ನಿಂತದ್ದನ್ನು ಕಂಡು ನಗಬೇಕೋ ಅಳಬೇಕೋ. ಮೇ 6ಕ್ಕೆ ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ನೆರವು ಪ್ರಕಟಿಸಿ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಚಾಲಕರಿಗೆ ಒಮ್ಮೆಗೆ 5,000 ರೂಪಾಯಿ ಎಂದಿತು. ಅಷ್ಟರಲ್ಲಿ ಆರು ವಾರ ಕಳೆದಿದ್ದವು.

ದೇವರ ಪಾಲೂ ಇತ್ತು. ಏಪ್ರಿಲ್ 16ಕ್ಕೆ ಚಿತ್ತಾಪುರ ತಾಲೂಕಿನ ರಾವೂರಿನಲ್ಲಿ ಲಾಕ್‌ಡೌನ್ ಮೀರಿ ಸಿದ್ಧಲಿಂಗೇಶ್ವರರ ತೇರು ಎಳೆದರು. ಪ್ರಕರಣ ದಾಖಲಾಯಿತು, ಟಿವಿಯವರು ಇಡೀ ಜಿಲ್ಲೆಯನ್ನು ಮೂಢರೆಂದರು. ಗುಂಪು ಕೂಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬ್ಯಾನಿ ಬಂದಾಗ ದೇವತೆ ಮರಗಮ್ಮನಿಗೆ ಹೋಳಿಗೆ ಮಾಡಿ ಊರ ಗಡಿಗೆ ಕಳಿಸಿಕೊಟ್ಟು ನೆಮ್ಮದಿಯಾಗುತ್ತಿದ್ದ ಜನ, ತೇರು ನಿಂತರೆ ಇನ್ನೂ ಕೆಟ್ಟದ್ದಾದೀತು ಎಂದು ಹೆದರಿದ್ದು ಅರ್ಥವಾಗದ ಸಂಗತಿಯೇನಲ್ಲ.

ಇಷ್ಟರ ನಡುವೆ ಮನೆಮನೆಗೆ ಹೋದವರು ಆಶಾ ಕಾರ್ಯಕರ್ತೆಯರು. ರಾಜ್ಯದಲ್ಲಿ ಸುಮಾರು 42,000 ಮಂದಿ. ಯಾರು ಎಲ್ಲಿಂದ ಬಂದರು, ಯಾರಿಗೆ ಜ್ವರ, ಯಾರ ಕೈಗೆ ಕ್ವಾರಂಟೈನ್ ಮುದ್ರೆ, ಎಲ್ಲ ಅವರ ವಹಿಯಲ್ಲಿ. ಅವರನ್ನು ಕಂಡರೆ ಬಾಗಿಲು ಹಾಕಿಕೊಂಡವರಿದ್ದರು, ‘ನಿನ್ನಿಂದನೇ ಬರ್ತದ’ ಎಂದವರಿದ್ದರು. ಆ ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ, ಸರಿಯಾದ ರಕ್ಷಣಾ ಸಾಮಗ್ರಿ ಕೇಳಿ ಮುಷ್ಕರ ಹೂಡಬೇಕಾಯಿತು. ಸಜ್ಜಾಗಿದ್ದವರು ಎಂದು ಯಾರನ್ನಾದರೂ ಕರೆಯುವುದಿದ್ದರೆ ಅವರನ್ನೇ ಕರೆಯಬೇಕು. ಅವರ ಕೈಯಲ್ಲಿ ಮಾತ್ರ ಸಜ್ಜು ಇರಲಿಲ್ಲ.

2021ರ ಎರಡನೇ ಅಲೆ ಬೇರೆಯದೇ ಕತೆ. ಆಗ ಜನ ಕೇಳಿದ್ದು ಆಕ್ಸಿಜನ್ ಸಿಲಿಂಡರ್, ಹಾಸಿಗೆ. ರೋಗ ಮುಳ್ಳುಕಂಟಿ ದಾಟಿ ಹಳ್ಳಿಗೆ ಬಂದಾಗಿತ್ತು. ಬಿಸಿಲಿನ ಮಾತು ಆಡುವವರು ಯಾರೂ ಉಳಿದಿರಲಿಲ್ಲ.

2025ರ ಜನವರಿ 6ಕ್ಕೆ ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಎಂದು ಟಿವಿಯಲ್ಲಿ ಬಂದಾಗ ಐದು ವರ್ಷದ ಹಿಂದಿನ ಭಯ ಒಂದೇ ಸಂಜೆಗೆ ಮರಳಿತು. ಅದು 2001ರಲ್ಲೇ ನೆದರ್ಲೆಂಡ್ಸ್‌ನಲ್ಲಿ ಗುರುತಿಸಿದ ವೈರಸ್, ಹೊಸದಲ್ಲ, ಬಹುಪಾಲು ನೆಗಡಿಯಂತೆ ಬಂದು ಹೋಗುತ್ತದೆ ಎಂದು ವೈದ್ಯರು ಹೇಳಿದರು. ಜನ ಕೇಳಿಸಿಕೊಂಡರು, ಹೌದೆಂದರು, ಅಲಮಾರದ ಡಬ್ಬಿಯಿಂದ ಹಳೆಯ ಆಕ್ಸಿಮೀಟರ್ ತೆಗೆದು ನೋಡಿದರು. ಸೆಲ್ ಸತ್ತಿತ್ತು. ಆಮೇಲೆ ಫೋನ್ ತೆಗೆದು ಪುಣೆಯಲ್ಲಿರುವ ಮಗನಿಗೆ ಒಂದು ಕರೆ. ಎರಡನೆಯದು ಊರಿನ ಕ್ರೂಸರ್ ಗಾಡಿಯವನಿಗೆ: ‘ಕಾಕಾ, ರಾತ್ರಿ ಏನರ ಆದ್ರ ಗಾಡಿ ತರ್ತೀ ಹೌದಲ್ಲೋ?’