ಎಕ್ಸ್-ವೈ-ಝಡ್ ಒಟ್ಟಿಗೆ ಕೂತ ಮಾತ್ರೆ

ತುರಿಕೆ ತಡೆಯಲಾಗದೆ ಹೋದವರಿಗೆ ಡಾಕ್ಟರು ಬರೆದುಕೊಡುವ ಮಾತ್ರೆಗಳಲ್ಲಿ ಹೈಡ್ರಾಕ್ಸಿಝೀನ್ ಎಂಬುದೊಂದಿದೆ. ಅದರ ಇಂಗ್ಲಿಷ್ ಸ್ಪೆಲಿಂಗನ್ನು ಒಂದೊಂದೇ ಅಕ್ಷರವಾಗಿ ಓದುತ್ತ ಹೋಗಿ: ಎಚ್, ವೈ, ಡಿ, ಆರ್, ಓ, ಆಮೇಲೆ... ಎಕ್ಸ್, ವೈ, ಝಡ್! ಒಂದನೇ ಕ್ಲಾಸಿನ ಮಗು ಉಸಿರು ಬಿಡದೆ ಒಪ್ಪಿಸುವ ಎಬಿಸಿಡಿಯ ಕೊನೆಯ ಮೂರು ಅಕ್ಷರ, ಅದೇ ಕ್ರಮದಲ್ಲಿ, ನಡುವೆ ಯಾರಿಗೂ ಜಾಗ ಬಿಡದೆ, ಒಂದು ಮಾತ್ರೆಯ ಹೆಸರಿನೊಳಗೆ ಕೂತಿವೆ. ಮೆಡಿಕಲ್ ಶಾಪಿನ ಕಪಾಟಿನಲ್ಲಿ ಎಲ್ಲರ ಕಣ್ಣೆದುರೇ ಇದೆ, ನೋಡಿದವರು ಯಾರು?

ಇಷ್ಟು ಕಂಡಮೇಲೆ ಸುಮ್ಮನೆ ಕೂರುವುದು ಹೇಗೆ! ಕೊನೆಯ ಮೂರು ಸಿಕ್ಕರೆ ಮೊದಲ ಮೂರೂ ಎಲ್ಲೋ ಇರಬೇಕಲ್ಲ? ಇವೆ. ಕೆರೆಯಲ್ಲಿ ಈಗ ಕಂಡು, ಈಗ ಮುಳುಗಿ, ಮತ್ತೆಲ್ಲೋ ತಲೆಯೆತ್ತುವ ಪುಟ್ಟ ಗುಳುಮುಳುಕ ಹಕ್ಕಿಗೆ ಇಂಗ್ಲಿಷಿನಲ್ಲಿ ಡ್ಯಾಬ್‌ಚಿಕ್ ಎಂಬ ಹೆಸರೂ ಉಂಟು. ಡಿ ಆದ ಕೂಡಲೇ ಎ, ಬಿ, ಸಿ! ಅಲ್ಲಿಂದ ಮುಂದಕ್ಕೆ ಅಕ್ಷರಮಾಲೆಯ ಗುಂಟ ನಡೆಯಿರಿ. ಡಿಫೆಂಡ್‌ನಲ್ಲಿ ಡಿ-ಇ-ಎಫ್. ಅಫ್ಘಾನ್‌ನಲ್ಲಿ ಎಫ್-ಜಿ-ಎಚ್. ಲಾಫಿಂಗ್‌ನಲ್ಲಿ ಜಿ-ಎಚ್-ಐ, ಹೈಜಾಕ್‌ನಲ್ಲಿ ಎಚ್-ಐ-ಜೆ. ಕ್ಯಾನೊಪಿಯ ನೆರಳಲ್ಲಿ ಎನ್-ಓ-ಪಿ. ಮುಖ್ಯನಟನಿಗೆ ಜ್ವರ ಬಂದರೆ ಬಣ್ಣ ಹಚ್ಚೋಣವೆಂದು ಪಾತ್ರ ಬಾಯಿಪಾಠ ಮಾಡಿಕೊಂಡು ಕಾಯುವ ಅಂಡರ್‌ಸ್ಟಡಿ ಇದ್ದಾನಲ್ಲ, ಅವನಲ್ಲಿ ನಾಲ್ಕು ಅಕ್ಷರ ಸಾಲಾಗಿ ನಿಂತಿವೆ: ಆರ್-ಎಸ್-ಟಿ-ಯು!

ಐ-ಜೆ-ಕೆಗೆ ಮಾತ್ರ ಗಡಿ ದಾಟಬೇಕು. ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಹುಡುಕುವ ಲೆಕ್ಕವನ್ನು 1959ರಲ್ಲಿ ಪ್ರಕಟಿಸಿದ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ, ಆ ಮೂರು ಅಕ್ಷರಗಳನ್ನು ತಮ್ಮ ಹೆಸರಿನೊಳಗೇ ಇಟ್ಟುಕೊಂಡಿದ್ದರು. ಕಂಪ್ಯೂಟರ್ ಓದಿದವರೆಲ್ಲ ಪರೀಕ್ಷೆಯಲ್ಲಿ ಬರೆದ ಹೆಸರು ಅದು.

ನಿಘಂಟಿನ ಸ್ವಭಾವ ಹೇಗಿದೆ ನೋಡಿ. ಮೊದಲ ಅಕ್ಷರ ಹೇಳಿದರೆ ಕೈಹಿಡಿದು ಕರೆದೊಯ್ಯುತ್ತದೆ; ನಡುವಿನ ಅಕ್ಷರ ಹೇಳಿದರೆ ಕಿವುಡು. ಆದರೂ ಇಂಥ ಪದಗಳ ಬೇಟೆಗೆ ಇಳಿದವರಿದ್ದರು: 1965ರಲ್ಲಿ ಅಮೆರಿಕದ ಡಿಮಿಟ್ರಿ ಬೋರ್ಗ್‌ಮನ್ 'ಲ್ಯಾಂಗ್ವೇಜ್ ಆನ್ ವೆಕೇಶನ್' ಪುಸ್ತಕ ತಂದರು, 1968ರಲ್ಲಿ 'ವರ್ಡ್ ವೇಸ್' ಎಂಬ ಪತ್ರಿಕೆಯೇ ಹುಟ್ಟಿತು. ಆ ಕಾಲದ ಬೇಟೆಗಾರರ ಬಳಿ ಇದ್ದದ್ದು ದಪ್ಪ ನಿಘಂಟು, ಬರಿಗಣ್ಣು, ಸ್ವಲ್ಪ ಹುಚ್ಚು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಗಾಗಿ ಗ್ರೆಪ್ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಕಡತದಲ್ಲಿ ಈ ಮಾದರಿ ಇರುವ ಸಾಲು ಎಲ್ಲೆಲ್ಲಿದೆಯೋ ಅಷ್ಟನ್ನೂ ತೋರಿಸು ಎಂದರೆ ತೋರಿಸುತ್ತದೆ, ಅಷ್ಟೇ ಅದರ ಕೆಲಸ. 1934ರ ವೆಬ್‌ಸ್ಟರ್ ನಿಘಂಟಿನಿಂದ ತೆಗೆದ ಸುಮಾರು 2.3 ಲಕ್ಷ ಪದಗಳ ಪಟ್ಟಿಯನ್ನು ಅದರ ಮುಂದಿಟ್ಟು ಮೂರು ಅಕ್ಷರ ಒತ್ತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ! ಅಕ್ಷರಗಳು ಅಂಟಿಕೊಂಡೇ ಇರಬೇಕೋ, ನಡುವೆ ಬೇರೆಯವು ಬಂದರೂ ಸರಿಯೋ, ಕ್ರಮವೇ ಬೇಡವೋ, ನಿಮ್ಮಿಷ್ಟ.

ಉತ್ತರಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಾಗ ನಿಜವಾಗಿ ಮೈ ಝುಂ ಎನ್ನುವುದು. ಅಪರೂಪದ ಅಕ್ಷರಗುಂಪುಗಳಲ್ಲಿ ಎಷ್ಟೊಂದು ಪದದ ಕೀಲಿನಲ್ಲೇ ಸಿಗುತ್ತವೆ! ಡ್ಯಾಬ್ ಮುಗಿದು ಚಿಕ್ ಶುರುವಾಗುವ ಕಡೆ ಬಿ ಪಕ್ಕಕ್ಕೆ ಸಿ ಬಂತು. ಅಂಡರ್‌ನ ಆರ್‌ಗೆ ಸ್ಟಡಿಯ ಎಸ್ ತಾಗಿತು. ಲಾಫ್‌ಗೆ ಇಂಗ್ ಹತ್ತಿತು, ಕಾಮ್‌ಗೆ ನೆಸ್ ಹತ್ತಿ ಎಲ್-ಎಂ-ಎನ್ ಆಯಿತು. ಹೈಡ್ರಾಕ್ಸಿಯ ಬಾಲಕ್ಕೆ ಝೀನ್‌ನ ಝಡ್. ಬುಕ್‌ಕೀಪರ್ ಅಂತೂ ಬಿಡಿ, ಎರಡು ಓ, ಎರಡು ಕೆ, ಎರಡು ಇ, ಜೋಡಿಯ ಹಿಂದೆ ಜೋಡಿಯ ಹಿಂದೆ ಜೋಡಿ!

ನಾವಾಗಿದ್ದರೆ ಕೀಲನ್ನು ಹಾಗೇ ಬಿಡುತ್ತಿರಲಿಲ್ಲ. ಮಳೆಗೆ ಕಾಲ ಸೇರಿದರೆ ಕಕಾರ ಗಕಾರವಾಗಿ ಮಳೆಗಾಲ. ಊರಿಗೆ ಅಲ್ಲಿ ಸೇರಿದರೆ ಉಕಾರ ಬಿದ್ದು ಊರಲ್ಲಿ. ಲೋಪ, ಆಗಮ, ಆದೇಶ ಎಂದು ಹೈಸ್ಕೂಲಿನಲ್ಲಿ ಉರು ಹೊಡೆದದ್ದು ಕೀಲು ನುಣುಪು ಮಾಡುವ ಈ ಕಸುಬನ್ನೇ. ಇಂಗ್ಲಿಷ್ ಬರವಣಿಗೆ ಅನೇಕ ಸಲ ಆ ಉಸಾಬರಿಗೇ ಹೋಗುವುದಿಲ್ಲ. ಎರಡು ತುಂಡು ತಂದು ಪಕ್ಕಪಕ್ಕ ಇಟ್ಟುಬಿಡುತ್ತದೆ. ಆ ಸೋಮಾರಿತನದಿಂದಲೇ (ಬೈಗುಳವಲ್ಲ, ನನಗೆ ಅದೇ ಇಷ್ಟ) ಈ ಬೇಟೆಗೆ ಇಷ್ಟು ಮೃಗಗಳು!

ಈಗ ಅಂಟಿಕೊಂಡಿರಬೇಕೆಂಬ ಷರತ್ತು ಸಡಿಲಿಸೋಣ. ಎ, ಇ, ಐ, ಓ, ಯು: ಐದೂ ಸ್ವರ, ಒಂದೊಂದೇ ಸಲ, ಇದೇ ಸರದಿಯಲ್ಲಿ. ಫಸೀಷಿಯಸ್ ಎಂಬ ಪದದಲ್ಲಿವೆ, ಮಿತಾಹಾರಿಗೆ ಹೇಳುವ ಅಬ್‌ಸ್ಟೀಮಿಯಸ್‌ನಲ್ಲೂ ಇವೆ. ಗುಟ್ಟು ಬಾಲದಲ್ಲಿದೆ: ಐ, ಓ, ಯು ಮೂರನ್ನೂ ಆ 'ಇಯಸ್' ಪ್ರತ್ಯಯವೇ ಹೊತ್ತು ತರುತ್ತದೆ, ಮೊದಲಿನ ತುಂಡು ಎ, ಇ ಒದಗಿಸಿದರೆ ಮುಗಿಯಿತು. ಕೊನೆಗೊಂದು ಎಲ್-ವೈ ಅಂಟಿಸಿ ಫಸೀಷಿಯಸ್ಲಿ ಮಾಡಿದರೆ ವೈ ಕೂಡ ಸರದಿಗೆ ಬಂದು ನಿಲ್ಲುತ್ತದೆ!

ಹಾಗಾದರೆ ಉಲ್ಟಾ? ಯು, ಓ, ಐ, ಇ, ಎ? ಬಾಲದ ಸಹಾಯವಿಲ್ಲ, ಎಲ್ಲಿಂದ ಸಿಗಬೇಕು ಅಂದುಕೊಳ್ಳುತ್ತೀರಿ. ಕ್ರಿಕೆಟ್ ಕಾಮೆಂಟರಿಯಲ್ಲಿ, ಲಂಡನ್ನಿನ ಪೇಪರುಗಳಲ್ಲಿ ನಮ್ಮ ಪಿಚ್ಚಿಗೆ, ನಮ್ಮ ಅಡುಗೆಗೆ, ನಮಗೇ ಅಂಟಿಸುವ ಆ ವಿಶೇಷಣವನ್ನು ಬಿಡಿಸಿ ಬರೆಯಿರಿ. ಸಬ್, ಅದಕ್ಕೆ ಕಾಂಟಿನೆಂಟ್, ಅದಕ್ಕೆ ಅಲ್. ಮೂರು ತುಂಡು, ಎರಡು ಕೀಲು. ಸಬ್‌ನಲ್ಲಿ ಯು, ಕಾಂಟಿನೆಂಟ್‌ನಲ್ಲಿ ಓ, ಐ, ಇ, ಅಲ್‌ನಲ್ಲಿ ಎ. ಸಬ್‌ಕಾಂಟಿನೆಂಟಲ್!