ಸೋಲುವ ತಂಡವೂ ಆಡಳಿತದ ಹೊಣೆಯೂ

ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡವು ಮೇಲಿಂದಮೇಲೆ ಸೋತರೆ ಕ್ರೀಡಾಶಿಕ್ಷಕನನ್ನು ತೆಗೆದುಹಾಕುವುದೇ ಆಡಳಿತದವರಿಗೆ ಸುಲಭವಾಗಿ ತೋರುವ ಮದ್ದು. ಅದು ತಕ್ಕ ಮದ್ದೇ ಎಂಬುದನ್ನು ಅಮೆರಿಕದ ಒಂದು ನಿದರ್ಶನದಿಂದ ನಾವು ಪರಿಶೀಲಿಸೋಣ.

ಷಿಕಾಗೋ ನಗರದ ನೆರೆಯ ಇವಾನ್‌ಸ್ಟನ್ನಿನಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯವಿದೆ. ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯ ಮೊತ್ತಮೊದಲ ಅಂತಿಮ ಪಂದ್ಯವು 1939ರಲ್ಲಿ ನಡೆದುದು ಇದರ ಅಂಗಣದಲ್ಲಿಯೇ. ಆದರೂ ಇದರ ಪುರುಷರ ತಂಡವು ಆ ಪಂದ್ಯಾವಳಿಗೆ ಮೊದಲ ಬಾರಿ ಪ್ರವೇಶ ಪಡೆದುದು 2017ರಲ್ಲಿ.

ಆಗ ಶಿಕ್ಷಕರಾಗಿದ್ದವರು 2013ರಲ್ಲಿ ನೇಮಕಗೊಂಡ ಕ್ರಿಸ್ ಕಾಲಿನ್ಸ್. ಈ ಕೀರ್ತಿಯ ಬೆನ್ನಿಗೇ ಐದು ವರ್ಷಗಳ ಕಾಲ ಗೆಲುವಿಗಿಂತ ಸೋಲೇ ಹೆಚ್ಚಾಯಿತು. ಆಡಳಿತದವರು ಅವರನ್ನು ಕೈಬಿಡಲಿಲ್ಲ. ಸುಮಾರು 11 ಕೋಟಿ ಡಾಲರುಗಳ ವೆಚ್ಚದಲ್ಲಿ ನವೀಕರಿಸಿದ ಕ್ರೀಡಾಮಂದಿರವು 2018ರಲ್ಲಿ ತೆರೆಯಿತು. 2023ರಲ್ಲಿಯೂ 2024ರಲ್ಲಿಯೂ ತಂಡವು ಮರಳಿ ಆ ಪಂದ್ಯಾವಳಿಯನ್ನು ಸೇರಿತು.

ಎಲ್ಲ ಶಿಕ್ಷಕರನ್ನೂ ಉಳಿಸಿಕೊಳ್ಳತಕ್ಕದ್ದೆಂದು ನಾವು ಹೇಳುವುದಿಲ್ಲ. ಆದರೆ ಹೊಸ ಆಟಗಾರರು ಪಳಗಲು ವರ್ಷಗಳು ಬೇಕು. ಶಿಕ್ಷಕ ಬದಲಾದಂತೆಲ್ಲ ಆಟದ ಪಾಠವೂ ಬದಲಾಗುತ್ತದೆ. ಆದುದರಿಂದ ಶಿಕ್ಷಕನ ಯೋಗ್ಯತೆಯನ್ನು ಅಳೆಯುವ ಮೊದಲು, ಅವನಿಗೆ ಬೇಕಾದ ಕಾಲವನ್ನೂ ಸಾಧನವನ್ನೂ ತಾವು ಒದಗಿಸಿದ್ದೇವೆಯೆ ಎಂದು ಆಡಳಿತದವರು ತಮ್ಮನ್ನೇ ಕೇಳಿಕೊಳ್ಳುವುದು ನ್ಯಾಯ.