ಬೋಟಿನ ಕ್ಯಾಬಿನ್ನಿಗೆ ಎಂಥ ಫ್ಯಾನ್?

ಹೋದ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಶುರುವಾಗಿ ಕೆಲವೇ ದಿನಗಳಾಗಿದ್ದವು. ಒಬ್ಬ ಸಹೋದರಿ ಗಂಡನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಬಂದರು. ಅವರು ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ತಾಂಡೇಲ. "ಇವರಿಗೆ ನಿದ್ದೆ ಬರುವ ಹಾಗೆ ಏನಾದರೂ ಮಾಜೂನ್ ಕೊಡಿ ಡಾಕ್ಟ್ರೇ. ಬೋಟಿನಿಂದ ಬಂದರೆ ಎರಡು ದಿನ ಯಾರ ಹತ್ತಿರವೂ ಮಾತಿಲ್ಲ. ಮಕ್ಕಳ ಮೇಲೆ ಸುಮ್ಮನೆ ರೇಗುತ್ತಾರೆ" ಎಂದರು.

ನಾನು ನಾಡಿ ನೋಡುತ್ತಾ ಮಲಗುವ ಜಾಗ ಹೇಗಿದೆ ಎಂದು ಕೇಳಿದೆ. ಸ್ಟೇರಿಂಗಿನ ಹಿಂದೆ ಒಂದು ಸಣ್ಣ ಕ್ಯಾಬಿನ್, ಕೆಳಗಡೆಯೇ ಎಂಜಿನ್. ಹಳೇ ಲಾರಿ ಫ್ಯಾನ್ ಒಂದಿದೆ, ಹಾಕಿದರೆ ಹಿಟ್ಟಿನ ಗಿರಣಿಯ ಹಾಗೆ ಶಬ್ದ, ಹಾಗಾಗಿ ಹಾಕುವುದಿಲ್ಲ. ನೀರು ಹಾರುತ್ತದೆಂದು ಬಾಗಿಲೂ ಮುಚ್ಚಿರುತ್ತದೆ. ಎದ್ದಾಗ ತಲೆನೋವು. "ನಿಮಗೊಬ್ಬರಿಗೆಯಾ?" ಎಂದೆ. "ಇಲ್ಲ, ಒಳಗೆ ಮಲಗಿದ ಮೂವರಿಗೂ. ಹೊರಗೆ ಬಂದು ಒಂದು ಚಾ ಕುಡಿದರೆ ಸರಿಯಾಗುತ್ತದೆ" ಎಂದರು.

ಮಾಜೂನ್ ಬರೆಯಲು ಹೊರಟಿದ್ದ ನಾನು ಪೆನ್ನು ಕೆಳಗಿಟ್ಟೆ. ನಿಮ್ಮ ಮನೆಯಲ್ಲಿ ಸಮುದ್ರಕ್ಕೆ ಹೋಗುವ ಗಂಡ, ಮಗ, ತಮ್ಮ ಯಾರಾದರೂ ಇದ್ದರೆ ಈ ಮಾತನ್ನು ಅವರಿಗೂ ಓದಿ ಹೇಳಿ. ಒಂದೇ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಹೊರಗಿನ ಗಾಳಿಗೆ ಅದು ಕಡಿಮೆಯಾಗುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ಕಾರ್ಬನ್ ಮೊನಾಕ್ಸೈಡ್ ಅನಿಲವನ್ನು. ಎಂಜಿನ್ ಹೊಗೆಯಲ್ಲೂ, ಮುಚ್ಚಿದ ಕೋಣೆಯಲ್ಲಿ ಉರಿಯುವ ಒಲೆಯಲ್ಲೂ ಅದು ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವನಿಗೆ ಗೊತ್ತೇ ಆಗದೆ ಪ್ರಾಣ ಹೋಗಬಹುದು. ಯಾರಾದರೂ ಮಂಕಾಗಿ ಬಿದ್ದಿದ್ದರೆ ಹೊರಗಿನ ಗಾಳಿಗೆ ತಂದು, ಆಮ್ಲಜನಕ ಕೊಡುವ ಆಸ್ಪತ್ರೆಗೆ ಆದಷ್ಟು ಬೇಗ ಸೇರಿಸಬೇಕು. ಇದಕ್ಕೆ ನನ್ನ ಕಪಾಟಿನ ಯಾವ ಖಮೀರಾ, ಯಾವ ಅರ್ಕ್ ಕೂಡ ಮದ್ದಲ್ಲ.

ಇಲ್ಲಿ ಫ್ಯಾನಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಫ್ಯಾನ್ ಹೊಸ ಗಾಳಿ ಹುಟ್ಟಿಸುವುದಿಲ್ಲ, ಕೋಣೆಯಲ್ಲಿ ಇರುವ ಗಾಳಿಯನ್ನೇ ತಿರುಗಿಸುತ್ತದೆ. ಹೊಗೆ ತುಂಬಿದ ಕ್ಯಾಬಿನ್ನಿನಲ್ಲಿ ಎಷ್ಟು ದುಬಾರಿ ಫ್ಯಾನ್ ಹಾಕಿದರೂ ಹೊಗೆಯನ್ನೇ ಮುಖಕ್ಕೆ ಬೀಸಿದಂತೆ. ಆದ್ದರಿಂದ ತಾಂಡೇಲರಿಗೆ ಮೊದಲು ಹೇಳಿದ್ದು ಮೆಕ್ಯಾನಿಕನನ್ನು ಕರೆಸಿ ಸೈಲೆನ್ಸರ್ ಪೈಪಿನ ಜೋಡಣೆಗಳನ್ನೂ ಎಂಜಿನ್ ರೂಮಿನಿಂದ ಕ್ಯಾಬಿನ್ನಿಗೆ ಬರುವ ತೂತುಗಳನ್ನೂ ನೋಡಿಸಲು. ಆಮೇಲೆ ಕ್ಯಾಬಿನ್ನಿಗೆ ಎರಡು ಕಿಂಡಿ ಬೇಕು, ಗಾಳಿ ಒಳಬರಲು ಕೆಳಗೊಂದು, ಹೊರಹೋಗಲು ಎದುರು ಬದಿಯಲ್ಲಿ ಮೇಲೊಂದು. ಒಳಬರುವ ಕಿಂಡಿ ಹೊಗೆ ಕೊಳವೆಯಿಂದ ದೂರವಿರಲಿ. ಹಿಂದಿನಿಂದ ಗಾಳಿ ಬೀಸುವಾಗ ಬೋಟಿನ ಹೊಗೆ ಬೋಟಿಗೇ ಮರಳುತ್ತದೆ, ಅದು ನೆನಪಿರಲಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ, ಮಲಗುವ ಜಾಗದಲ್ಲಿ ಒಂದು ಇರಲೇಬೇಕು.

ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಬೇಕೇಬೇಕಾದ ಆರು ಸಂಗತಿಗಳಿಗೆ ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಅದರಲ್ಲಿ ಮೊದಲನೆಯದು ಗಾಳಿ. ನಿದ್ದೆ ಮತ್ತು ಎಚ್ಚರವೂ ಆ ಆರರಲ್ಲಿ ಸೇರಿದೆ. ರಾಝಿಯವರು ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕುವಾಗ ಊರಿನ ಬೇರೆ ಬೇರೆ ಕಡೆ ಮಾಂಸದ ತುಂಡು ತೂಗುಹಾಕಿ, ಎಲ್ಲಿ ತಡವಾಗಿ ಕೊಳೆಯಿತೋ ಅಲ್ಲಿಯೇ ಕಟ್ಟಲು ಹೇಳಿದರು ಎಂಬ ಕತೆ ನಮ್ಮ ಪಾಠಗಳಲ್ಲಿ ಬರುತ್ತದೆ. ಕ್ಯಾಬಿನ್ನಿನಲ್ಲಿ ಆ ಪರೀಕ್ಷೆ ಮಾಡುವ ಅಗತ್ಯವಿಲ್ಲ. ಮೂಗೇ ಹೇಳುತ್ತದೆ.

ಇನ್ನು ಫ್ಯಾನ್. ಬಲೆ ಬಿಟ್ಟು ಎಳೆಯುವ ನಡುವೆ ಸಿಗುವ ಎರಡು ಮೂರು ಗಂಟೆಯೇ ಇವರ ನಿದ್ದೆ, ಹಗಲೂ ಅಷ್ಟೆ ರಾತ್ರಿಯೂ ಅಷ್ಟೆ. ಆ ಹೊತ್ತಿನಲ್ಲಿ ಬೆವರು ಆರಬೇಕು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ತಾನಾಗಿ ಆರುವುದಿಲ್ಲ. ತೊಡೆಸಂದಿಯ ಹುಳಕಡ್ಡಿ ಹಿಡಿಸಿಕೊಂಡು ಬರುವ ಬೋಟಿನ ಹುಡುಗರನ್ನು ನಾನು ಪ್ರತಿ ಸೀಸನ್ನಿನಲ್ಲಿ ನೋಡುತ್ತೇನೆ. ಒದ್ದೆ ಬಟ್ಟೆ, ಗಾಳಿಯಿಲ್ಲದ ಹಾಸಿಗೆ, ಮೇಲಿಂದ ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮು. ಆ ಮುಲಾಮಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಶಬ್ದವಿಲ್ಲದ ಫ್ಯಾನ್ ಬೇಕಾದರೆ ಎಲೆಗಳು ದೊಡ್ಡದಿದ್ದು ನಿಧಾನ ತಿರುಗುವಂಥದ್ದು ನೋಡಿ. ಸಣ್ಣ ಫ್ಯಾನ್ ಅಷ್ಟೇ ಗಾಳಿ ಕೊಡಲು ಜೋರಾಗಿ ತಿರುಗಬೇಕು, ಆಗ ಕೂಗುತ್ತದೆ. ವೇಗ ಅರ್ಧಕ್ಕೆ ಇಳಿದರೆ ಗಾಳಿ ತಳ್ಳಲು ಬೇಕಾದ ಶಕ್ತಿ ಸುಮಾರು ಎಂಟನೇ ಒಂದು ಪಾಲಾಗುತ್ತದೆ. ಹಾಗಾಗಿ ಶಬ್ದ ಕಡಿಮೆ ಇರುವ ಫ್ಯಾನಿನಲ್ಲಿ ಹೆಚ್ಚಾಗಿ ಕರೆಂಟಿನ ಖರ್ಚೂ ಕಡಿಮೆ. ಶಬ್ದದ ಇನ್ನೊಂದು ಪಾಲು ಫ್ಯಾನಿನದ್ದಲ್ಲ, ಅದನ್ನು ಬಿಗಿದ ಹಲಗೆಯದ್ದು. ಸ್ಕ್ರೂ ಕೆಳಗೆ ರಬ್ಬರ್ ವಾಷರ್ ಹಾಕಿದರೆ ಎಷ್ಟೋ ಇಳಿಯುತ್ತದೆ. ಎಂಜಿನ್ ಸದ್ದಿನಲ್ಲಿ ಫ್ಯಾನ್ ಸದ್ದು ಯಾವ ಲೆಕ್ಕ ಎನ್ನಬೇಡಿ. ಲಂಗರು ಹಾಕಿ ಎಂಜಿನ್ ನಿಲ್ಲಿಸಿದ ರಾತ್ರಿಯಲ್ಲಿ ಕಿವಿಯ ಪಕ್ಕದ ಗರಗರವೇ ಕೇಳುವುದು. ಡೆಕ್ಕಿನಿಂದ ಯಾರಾದರೂ ಕರೆದರೆ, ಅಲಾರಂ ಕೂಗಿದರೆ ಅದೂ ಮಲಗಿದವನಿಗೆ ಕೇಳಬೇಕಲ್ಲ.

ಮೋಟಾರ್ ಬಿಎಲ್‌ಡಿಸಿ ಇರಲಿ, ಅಂದರೆ ಕಾರ್ಬನ್ ಬ್ರಷ್ ಇಲ್ಲದ್ದು. ಬ್ರಷ್ ಮೋಟಾರಿನಲ್ಲಿ ಸಣ್ಣ ಕಿಡಿ ಏಳುತ್ತಿರುತ್ತದೆ, ಬ್ರಷ್ ಸವೆಯುತ್ತದೆ, ಕರೆಂಟೂ ಜಾಸ್ತಿ ತಿನ್ನುತ್ತದೆ. ಅಡುಗೆ ಗ್ಯಾಸ್ ಸಿಲಿಂಡರ್ ಇರುವ ಬೋಟಿನಲ್ಲಿ ಆ ಕಿಡಿ ಬೇಡವೇ ಬೇಡ. ಸೋರಿದ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಬೋಟಿನ ತಳಕ್ಕೆ ಹೋಗಿ ನಿಲ್ಲುತ್ತದೆ.

ಲೇಬಲ್ಲಿನಲ್ಲಿ ಆಂಪಿಯರ್ ಎಷ್ಟೆಂದು ಓದಿ. 12 ವೋಲ್ಟಿನ ಫ್ಯಾನಿಗೆ 0.4 ಆಂಪಿಯರ್ ಎಂದಿದ್ದರೆ ಸುಮಾರು 5 ವ್ಯಾಟ್. ಸರದಿಯಲ್ಲಿ ಮಲಗುವುದರಿಂದ ದಿನಕ್ಕೆ 15 ಗಂಟೆ ನಡೆಯಿತೆನ್ನಿ, 6 ಆಂಪಿಯರ್-ಅವರ್ ಆಯಿತು. ಮೂರು ಫ್ಯಾನಿಗೆ 18. ಅದೇ 2 ಆಂಪಿಯರ್ ಎಳೆಯುವ ಹಳೇ ಮಾದರಿಯ ಮೂರು ಫ್ಯಾನ್ ಆದರೆ 90. 100 ಆಂಪಿಯರ್-ಅವರ್‌ನ ಸಾಮಾನ್ಯ ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯಸ್ಸು ಹೋಗುತ್ತದೆ. ಎಂಜಿನ್ ಓಡುವಾಗ ಚಾರ್ಜ್ ಆಗುತ್ತದೆ ನಿಜ, ಆದರೆ ಎಂಜಿನ್ ನಿಲ್ಲಿಸಿದ ರಾತ್ರಿ ಸ್ಟಾರ್ಟಿಂಗ್ ಬ್ಯಾಟರಿಯಿಂದಲೇ ಫ್ಯಾನ್ ಓಡಿಸಿ, ಬೆಳಗಿನ ಜಾವ ಎಂಜಿನ್ ಸ್ಟಾರ್ಟ್ ಆಗದಿದ್ದರೆ ದಡ ಬಹಳ ದೂರ. ಫ್ಯಾನ್ ಮತ್ತು ದೀಪಕ್ಕೆ ಬೇರೆ ಬ್ಯಾಟರಿ ಇರಲಿ.

ಬೋಟಿನ ವಯರಿಂಗ್ 12 ವೋಲ್ಟೋ 24 ವೋಲ್ಟೋ ಕೇಳಿಕೊಂಡೇ ಅಂಗಡಿಗೆ ಹೋಗಿ. ಎರಡು ಬ್ಯಾಟರಿ ಸೇರಿಸಿ 24 ಮಾಡಿದ ಕಡೆ, ಒಂದರಿಂದ ಮಾತ್ರ ವಯರ್ ಎಳೆದು 12ರ ಫ್ಯಾನ್ ಓಡಿಸಿದರೆ ಒಂದು ಬ್ಯಾಟರಿ ಬರಿದಾಗಿ ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಎರಡೂ ಹಾಳಾಗುತ್ತವೆ. ಚಾರ್ಜ್ ಆಗುವಾಗ 12ರ ಬ್ಯಾಟರಿಯಲ್ಲಿ 14 ವೋಲ್ಟಿಗೂ ಹೆಚ್ಚಿರುತ್ತದೆ, ಫ್ಯಾನ್ ಅದನ್ನು ತಡೆಯುವಂತಿರಬೇಕು. ಇನ್ವರ್ಟರ್ ಇಟ್ಟು ಮನೆಯ ಟೇಬಲ್ ಫ್ಯಾನ್ ಹಾಕುವವರಿದ್ದಾರೆ. ಇನ್ವರ್ಟರ್ ಸುಮ್ಮನೆ ಇದ್ದರೂ ಕರೆಂಟ್ ತಿನ್ನುತ್ತದೆ. ಒದ್ದೆ ಕೈ, ಒದ್ದೆ ನೆಲದ ಜಾಗದಲ್ಲಿ 230 ವೋಲ್ಟ್ ನನಗಂತೂ ಸರಿಕಾಣುವುದಿಲ್ಲ. ಪ್ರತಿ ಫ್ಯಾನಿನ ವಯರಿಗೆ ಫ್ಯೂಸ್ ಬೇಕು, ಅದೂ ಬ್ಯಾಟರಿಯ ಹತ್ತಿರ. ವಯರ್ ತವರ ಲೇಪಿಸಿದ ತಾಮ್ರದ್ದಾದರೆ ಉಪ್ಪುಗಾಳಿಗೆ ಬೇಗ ಹಸಿರು ಹಿಡಿಯುವುದಿಲ್ಲ. ಜಾಲರಿ ಪ್ಲಾಸ್ಟಿಕ್ಕಿನದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ, ಬೆರಳು ಒಳಹೋಗದಷ್ಟು ಒತ್ತಾಗಿರಲಿ. ಅಲೆಗೆ ಬೋಟು ವಾಲಿದಾಗ ಕೈ ಎಲ್ಲಿ ತಾಗುತ್ತದೆಂದು ಹೇಳಲಾಗದು.

ಕಂಪ್ಯೂಟರಿನೊಳಗಿನ ಸಣ್ಣ 12 ವೋಲ್ಟಿನ ಫ್ಯಾನ್ ಸಾಕೇ ಎಂದು ಒಬ್ಬ ಹುಡುಗ ಕೇಳಿದ. ಮೈಗೆ ಗಾಳಿ ಸಾಲದು. ಮೇಲಿನ ಕಿಂಡಿಯಲ್ಲಿ ಬಿಸಿಗಾಳಿ ಹೊರಹಾಕಲು ಚೆನ್ನಾಗಿ ಆಗುತ್ತದೆ. ಉಪ್ಪಿಗೆ ಬೇಗ ಹಾಳಾದರೂ ಅಗ್ಗ, ಬದಲಿಸಿದರಾಯಿತು.

ಗಾಳಿ ನೇರ ಮುಖಕ್ಕೆ ಬೇಡ, ಸೊಂಟದಿಂದ ಕೆಳಗೆ ಬರಲಿ. ಬೆವರಿದ ಮೈಗೆ, ಮೂಗು ಬಾಯಿಗೆ ರಾತ್ರಿಯಿಡೀ ಗಾಳಿ ಬಡಿದರೆ ಗಂಟಲು ಒಣಗುತ್ತದೆ. ಆಮೇಲೆ ನಝ್ಲಾ ಎಂದು ಜೋಶಾಂದಾ ಕೇಳಿಕೊಂಡು ನನ್ನ ಬಳಿಗೆ ಬರುತ್ತೀರಿ. ಮಲಗುವ ಮೊದಲು ಬೆವರು ಒರೆಸಿ, ಒಣ ಬನಿಯನ್ ಹಾಕಿಕೊಳ್ಳಲಿ. ಎಂಜಿನ್ ಕಾವಿಗೆ ಕ್ಯಾಬಿನ್ 40 ಡಿಗ್ರಿ ದಾಟಿದ್ದರೆ ಫ್ಯಾನ್ ತಂಪು ಮಾಡುವ ಬದಲು ಮೈಯನ್ನು ಬಿಸಿ ಮಾಡುತ್ತದೆ, ಆಗ ಡೆಕ್ಕಿನ ನೆರಳೇ ಒಳ್ಳೆಯದು.

ಆ ತಾಂಡೇಲರ ಬೋಟಿನಲ್ಲಿ ಸೈಲೆನ್ಸರಿನ ಒಂದು ಜೋಡಣೆ ನಿಜವಾಗಿಯೂ ಸೋರುತ್ತಿತ್ತು. ಅದನ್ನು ಸರಿಮಾಡಿಸಿ, ಕಿಂಡಿ ಕೊರೆಸಿ, ಎರಡು ಫ್ಯಾನ್ ಹಾಕಿಸಿದರು. ತಲೆನೋವು ಹೋಗಿದೆ. ಮನೆಯವರ ಪ್ರಕಾರ ರೇಗುವುದೂ ಅರ್ಧದಷ್ಟು ಇಳಿದಿದೆ.

ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲಿರುವಾಗಲೇ ಈ ಕೆಲಸ ಮಾಡಿಸುವುದು ಸುಲಭ. ಕೊಳ್ಳುವಾಗ ಅಂಗಡಿಯಲ್ಲೇ ಬ್ಯಾಟರಿಗೆ ಜೋಡಿಸಿ ಕಿವಿಯ ಹತ್ತಿರ ಹಿಡಿದು ನೋಡಿ, ಸಾಧ್ಯವಾದರೆ ಒಂದು ರಾತ್ರಿ ಮನೆಯಲ್ಲಿ ತಲೆದಿಂಬಿನ ಪಕ್ಕ ಓಡಿಸಿ. ಸಮುದ್ರದಿಂದ ಬಂದ ಪ್ರತಿ ಸಲ ಸ್ವಿಚ್ ಆರಿಸಿ, ಫ್ಯೂಸ್ ತೆಗೆದು, ಜಾಲರಿ ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆಯಬೇಕು. ಎಲೆಗಳನ್ನು ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಉಪ್ಪು, ಡೀಸೆಲ್ ಮಸಿ, ಮೀನಿನ ಎಣ್ಣೆ ಸೇರಿ ಅಲ್ಲಿ ಒಂದು ಕಪ್ಪು ಅಂಟು ಕೂತಿರುತ್ತದೆ. ಮೋಟಾರಿಗೆ ನೀರು ತಾಗದಿರಲಿ, ಮತ್ತೆ ಜೋಡಿಸುವ ಮೊದಲು ಎಲ್ಲ ಚೆನ್ನಾಗಿ ಒಣಗಲಿ.